ಶಿರಸಿಯ ಸಾಹೇಬರು ಯಾರ ಮಾತು ಕೇಳಬೇಕು?

ಯಲ್ಲಾಪುರದಿಂದ ಹದಿನೇಳು ಹದಿನೆಂಟು ಕಿಲೋಮೀಟರ್ ದೂರದ ಮಾಗೋಡಿನಲ್ಲಿ ಬೇಡ್ತಿ ನದಿ ಸುಮಾರು 200 ಮೀಟರ್ ಆಳದ ಕಮರಿಗೆ ಧುಮುಕುತ್ತದೆ. ಪ್ರವಾಸಿಗರು ಎದುರಿನ ದಿಬ್ಬದಲ್ಲಿ ನಿಂತು ನೋಡಿ, ಫೋಟೊ ತೆಗೆಸಿಕೊಂಡು ಹಿಂತಿರುಗುತ್ತಾರೆ. ಒಂದು ದಿನ ಎಲ್ಲರೂ ಹೋದ ಮೇಲೂ ಒಂದು ಬೈಕು ಅಲ್ಲೇ ನಿಂತಿದೆ, ಸವಾರನ ಸುಳಿವಿಲ್ಲ ಎಂದಿಟ್ಟುಕೊಳ್ಳಿ. ಊರಿನವರು ಯಾರಿಗೆ ಹೇಳಬೇಕು? ಮಾಗೋಡಿನಲ್ಲಿ ಠಾಣೆಯಿಲ್ಲ. ಫೋನು 112ಕ್ಕೆ ಹೋದರೂ, ಯಾರೋ ಹಿರಿಯರು ಯಲ್ಲಾಪುರಕ್ಕೇ ಹೋಗಿ ಹೇಳಿದರೂ ಸುದ್ದಿ ಕೊನೆಗೆ ಬಂದು ಬೀಳುವುದು ಯಲ್ಲಾಪುರ ಠಾಣೆಯ ಮೇಜಿನ ಮೇಲೆ.

ಆ ಹೊತ್ತಿನಲ್ಲಿ ಇನ್‌ಸ್ಪೆಕ್ಟರು ಹೆದ್ದಾರಿಯ ಅಪಘಾತಕ್ಕೋ ಕಾರವಾರದ ಸಭೆಗೋ ಹೋಗಿರಬಹುದು. ಆದರೆ ಕಾನೂನಿನ ಕಣ್ಣಿಗೆ ಠಾಣಾಧಿಕಾರಿಯ ಕುರ್ಚಿ ಎಂದೂ ಖಾಲಿ ಇರುವುದಿಲ್ಲ. ಮುಖ್ಯ ಅಧಿಕಾರಿ ಇಲ್ಲದಾಗ ಠಾಣೆಯಲ್ಲಿ ಹಾಜರಿರುವವರ ಪೈಕಿ ಪೇದೆಗಿಂತ ಮೇಲಿನ ದರ್ಜೆಯ ಹಿರಿಯನೇ ಠಾಣಾಧಿಕಾರಿ. ರಾತ್ರಿ ಪಾಳಿಯ ಹೆಡ್ ಕಾನ್‌ಸ್ಟೆಬಲ್ ಆ ಗಳಿಗೆಯ ಮಟ್ಟಿಗೆ ಇಡೀ ಠಾಣೆಯ ಯಜಮಾನ. ಆತ ದೂರು ಬರೆದುಕೊಳ್ಳಬೇಕು, ಸಿಬ್ಬಂದಿಯನ್ನು ಕಳಿಸಬೇಕು. ಬೆಳಗಾದ ಮೇಲೆ ಕಮರಿಗೆ ಇಳಿಯಬಲ್ಲ ಊರಿನ ಜನರನ್ನು ಹುಡುಕಬೇಕು, ಹಗ್ಗ ತರಿಸಬೇಕು. ಶವ ಸಿಕ್ಕರೆ ಅಸ್ವಾಭಾವಿಕ ಮರಣ ಎಂದು ದಾಖಲಿಸಿ, ದಂಡಾಧಿಕಾರಿಗಳಿಗೆ ತಿಳಿಸಿ, ಊರಿನ ಇಬ್ಬರಾದರೂ ಮರ್ಯಾದಸ್ಥರನ್ನು ಪಂಚರನ್ನಾಗಿ ಕರೆದು ಪಂಚನಾಮೆ ಬರೆಯಬೇಕು. ಮೈಮೇಲಿನ ಗಾಯ ಬಂಡೆಯದೋ ಮನುಷ್ಯನದೋ ಎಂಬ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ. ಪಂಚನಾಮೆಯಲ್ಲಿ ಒಂದು ಸಾಲು ತಪ್ಪಿದರೆ ಮುಂದೆ ಕೊಲೆಗಾರ ಬಿಡುಗಡೆಯಾಗಬಹುದು, ಇಲ್ಲವೇ ನಿರಪರಾಧಿ ಸಿಕ್ಕಿಬೀಳಬಹುದು.

ಅಮೆರಿಕದ ಸಿನಿಮಾ ನೋಡಿದವರಿಗೆ ಅಲ್ಲಿಯ ಸಣ್ಣ ಊರಿನ ‘ಪೊಲೀಸ್ ಚೀಫ್’ ಗೊತ್ತಿರುತ್ತಾನೆ. ಅವನನ್ನು ನೇಮಿಸುವುದು ಸಾಮಾನ್ಯವಾಗಿ ಆ ಊರಿನ ಮೇಯರ್ ಅಥವಾ ನಗರಸಭೆಯ ಆಡಳಿತಾಧಿಕಾರಿ, ಸಂಬಳ ಕೊಡುವುದು ನಗರಸಭೆ. ಬೇಡವೆನಿಸಿದರೆ ಮನೆಗೆ ಕಳಿಸುವವರೂ ಅವರೇ. ಶಿರಸಿಯಲ್ಲಿ ಹೀಗಿಲ್ಲ. ಅಲ್ಲಿ ನಗರಸಭೆಯಿದೆ, ಅಧ್ಯಕ್ಷರಿದ್ದಾರೆ, ಪೌರಾಯುಕ್ತರಿದ್ದಾರೆ. ಆದರೆ ಒಬ್ಬ ಪೇದೆಯನ್ನೂ ಅತ್ತಿಂದಿತ್ತ ಸರಿಸುವ ಅಧಿಕಾರ ಅವರಿಗಿಲ್ಲ. ಹಾಗೆಯೇ ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರುಗಳಲ್ಲಿರುವಂತೆ ಪೊಲೀಸ್ ಕಮಿಷನರೂ ಇಲ್ಲ. ಶಿರಸಿಯ ಜನ ‘ಸಾಹೇಬ್ರು’ ಎಂದಾಗ ಕೆಲವೊಮ್ಮೆ ಅದು ಪಿಎಸ್‌ಐ, ಕೆಲವೊಮ್ಮೆ ಸರ್ಕಲ್ ಇನ್‌ಸ್ಪೆಕ್ಟರ್, ದೊಡ್ಡ ಗಲಾಟೆಯ ದಿನ ಡಿವೈಎಸ್‌ಪಿ. ಹೆಗಲು ನೋಡಿ ಗುರುತು ಹಿಡಿಯಬೇಕೆಂದರೂ ಸ್ವಲ್ಪ ಕಷ್ಟವೇ. ಇನ್‌ಸ್ಪೆಕ್ಟರಿಗೂ ಮೂರು ನಕ್ಷತ್ರ, ಡಿವೈಎಸ್‌ಪಿಗೂ ಮೂರೇ ನಕ್ಷತ್ರ. ಇನ್‌ಸ್ಪೆಕ್ಟರ ನಕ್ಷತ್ರಗಳ ಜೊತೆ ಕೆಂಪು-ನೀಲಿ ಪಟ್ಟಿಯಿರುತ್ತದೆ, ಅಷ್ಟೇ ವ್ಯತ್ಯಾಸ.

ಒಂದು ಊರಿನ ಪೊಲೀಸರ ಮುಖ್ಯಸ್ಥ ಎನ್ನಬಹುದಾದವರನ್ನು ಹುಡುಕಿದರೆ ಶಿರಸಿ ಉಪವಿಭಾಗದ ಡಿವೈಎಸ್‌ಪಿಯೇ ಸಿಗುತ್ತಾರೆ. ಶಿರಸಿ ಪಟ್ಟಣದ ಠಾಣೆಗಳಲ್ಲದೆ ಗ್ರಾಮೀಣ ಠಾಣೆ, ಬನವಾಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ ಹೀಗೆ ಘಟ್ಟದ ಮೇಲಿನ ಬಹುಭಾಗ ಅವರ ಕೈಕೆಳಗೆ ಬರುತ್ತದೆ. ಅವರ ಮೇಲಧಿಕಾರಿ ನೂರು ಕಿಲೋಮೀಟರಿಗೂ ಆಚೆ, ಘಟ್ಟ ಇಳಿದು, ಕಾರವಾರದಲ್ಲಿ ಕೂತ ಜಿಲ್ಲಾ ಎಸ್‌ಪಿ. ಅವರಿಗೂ ಮೇಲಿನವರು ಮಂಗಳೂರಿನ ಐಜಿಪಿ. ಊರಿನ ಪೊಲೀಸರು ಊರಿನವರಿಗೆ ಉತ್ತರ ಕೊಡುವುದಿಲ್ಲ, ದೂರದ ಮೇಲಧಿಕಾರಿಗೆ ಕೊಡುತ್ತಾರೆ. ಈ ಏರ್ಪಾಡು ಹೇಗೆ ಬಂತು ಎಂಬುದರಲ್ಲಿ ಘಟ್ಟದ ಮೇಲಿನ ಜನರ ನೋವಿನ ಪಾಲೂ ಇದೆ.

ಊರು ಕಾಯುವ ಅಧಿಕಾರಿ ಹೊಸಬನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪಟ್ಟಣದ ಮೇಲ್ವಿಚಾರಕನಿಗೆ ‘ನಾಗರಿಕ’ ಎಂದೇ ಹೆಸರು. ಅಂದು ಅಧಿಕಾರಿಗಿದ್ದ ಪದವಿ ಇಂದು ಠಾಣೆಯ ಬಾಗಿಲಲ್ಲಿ ಕಾಯುವವನಿಗೆ ಬಂದಿರುವುದು ಭಾಷೆಯ ತಮಾಷೆ. ಕನ್ನಡ ಶಾಸನಗಳಲ್ಲಿ ತಳಾರನಿದ್ದಾನೆ, ಅವನೇ ಮುಂದೆ ತಳವಾರನಾದ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಅಲ್ಲಿಯ ಕೊತ್ವಾಲನ ಕಚೇರಿಯನ್ನೂ ಹನ್ನೆರಡು ಸಾವಿರ ಕಾವಲಿನವರನ್ನೂ ಕಂಡು ಬೆರಗಾಗಿ ಬರೆದಿಟ್ಟ. ಆ ಕಾವಲಿನವರ ಸಂಬಳ ವೇಶ್ಯಾಗೃಹಗಳ ತೆರಿಗೆಯಿಂದ ಬರುತ್ತಿತ್ತು ಎಂದೂ ಸೇರಿಸಿದ.

ಟಿಪ್ಪು ಸುಲ್ತಾನ್ ಮಡಿದ 1799ರಲ್ಲಿ ಕೆನರಾ ಪ್ರಾಂತ ಕಂಪನಿಯ ಕೈಸೇರಿತು. ಮೊದಲ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಅವನ ನಂತರ 1801ರಲ್ಲಿ ಈ ದಾರಿಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್‌ಗೆ ಶಿರಸಿ ತಹಶೀಲ್ದಾರನಿರುವ ಒಂದು ಸಣ್ಣ ಹಳ್ಳಿಯಾಗಿಯೇ ಕಂಡಿತು. ಕೆನರಾ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಮನ್ರೋನ ಪ್ರಭಾವದಿಂದ ಮದ್ರಾಸಿನಲ್ಲಿ 1816ರಲ್ಲಿ ಬಂದ ನಿಯಮದ ಪ್ರಕಾರ ಹಳ್ಳಿಯ ಗೌಡನೇ ಹಳ್ಳಿಯ ಪೊಲೀಸ್, ತಹಶೀಲ್ದಾರನೇ ತಾಲ್ಲೂಕಿನ ಪೊಲೀಸ್ ಮುಖ್ಯಸ್ಥ. ದೇಶದ ಹಳೆಯ ಪದ್ಧತಿಯನ್ನು ಉಳಿಸಬೇಕು, ಹೊರಗಿನ ದರೋಗನನ್ನು ತಂದು ಹೇರಬಾರದು ಎಂಬುದು ಮನ್ರೋನ ವಾದವಾಗಿತ್ತು. ವಾದ ಒಳ್ಳೆಯದೇ. ಆದರೆ ಕಂದಾಯ ವಸೂಲಿ ಮಾಡುವವನೂ ಅವನೇ, ಹಿಡಿದು ಕೂಡಿಸುವವನೂ ಅವನೇ ಆದಾಗ ಏನಾಗುತ್ತದೆ ಎಂಬುದಕ್ಕೆ ಬಹಳ ಕಾಯಬೇಕಾಗಲಿಲ್ಲ. ಬಾಕಿ ಕೊಡದ ರೈತನನ್ನು ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು, ಬೆರಳುಗಳನ್ನು ಮರದ ಇಕ್ಕಳದಲ್ಲಿ ಸಿಕ್ಕಿಸಿ ಒತ್ತುವುದು ಪ್ರಾಂತದ ತುಂಬ ನಡೆಯುತ್ತಿತ್ತು. ಕಳ್ಳತನ ಒಪ್ಪಿಸುವುದಕ್ಕೂ ಅದೇ ಉಪಾಯ. ಈ ಕುರಿತು ನೇಮಿಸಿದ ಮದ್ರಾಸ್ ಚಿತ್ರಹಿಂಸೆ ಆಯೋಗ 1855ರಲ್ಲಿ ಕೊಟ್ಟ ವರದಿ ಇಂಗ್ಲೆಂಡಿನ ಪಾರ್ಲಿಮೆಂಟನ್ನೂ ತಲುಪಿತು. ತೆರಿಗೆಯ ಕೈ ಮತ್ತು ಲಾಠಿಯ ಕೈ ಬೇರೆಯಾಗಬೇಕು ಎಂಬುದು ಅದರಿಂದ ಹೊರಟ ಪಾಠ. 1859ರ ಮದ್ರಾಸ್ ಪೊಲೀಸ್ ಕಾಯಿದೆ ಅದನ್ನು ಜಾರಿಗೆ ತಂದು, ಪೊಲೀಸರನ್ನು ಪ್ರತ್ಯೇಕ ಇಲಾಖೆಯಾಗಿ ಕಟ್ಟಿತು.

ಹಾಗೆ ಕಟ್ಟುವಾಗ ಬ್ರಿಟಿಷರು ಲಂಡನ್ನಿನ ಪೊಲೀಸರ ಮಾದರಿಯನ್ನು ತೆಗೆದುಕೊಳ್ಳಲಿಲ್ಲ ಎಂಬುದನ್ನು ಗಮನಿಸಬೇಕು. ರಾಬರ್ಟ್ ಪೀಲ್ 1829ರಲ್ಲಿ ಲಂಡನ್ನಿಗೆಂದು ಕಟ್ಟಿದ ಪಡೆ ಜನರ ನಡುವೆ, ಬಂದೂಕಿಲ್ಲದೆ ತಿರುಗುವ ಪಡೆ. ಭಾರತಕ್ಕೆ ಬಂದದ್ದು ಐರ್ಲೆಂಡಿನ ಮಾದರಿ. ಆಳಿಸಿಕೊಳ್ಳಲು ಒಪ್ಪದ ಜನರನ್ನು ಹದ್ದಿನಲ್ಲಿಡಲು ಕಟ್ಟಿದ, ಸರ್ಕಾರಕ್ಕೆ ಮಾತ್ರ ಉತ್ತರ ಕೊಡುವ ಪಡೆ ಅದು.

1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿಂದ 1956ರವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾನೂನೂ ಮುಂಬಯಿಯದು, ಕಚೇರಿಯ ಮಾತೂ ಮುಂಬಯಿಯದು. ಠಾಣೆಯಲ್ಲಿ ಫೌಜದಾರ, ತಾಲ್ಲೂಕಿನಲ್ಲಿ ಮಾಮಲೇದಾರ, ಹಳ್ಳಿಯಲ್ಲಿ ಪೊಲೀಸ್ ಪಾಟೀಲ. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯಿದೆ ಈ ಪಾಟೀಲನಿಗೆ ಅಪರಾಧ ನಡೆದರೆ ವರದಿ ಮಾಡುವ, ಅನುಮಾನದ ಸಾವಿನ ಪಂಚನಾಮೆ ಮಾಡಿಸುವ, ಹಿಡಿದು ಕಳಿಸುವ ಅಧಿಕಾರ ಕೊಟ್ಟಿತು. ಕಾಡಿನ ನಡುವೆ ಒಂದೊಂದೇ ಮನೆಯಾಗಿ ಚದುರಿದ ಘಟ್ಟದ ಹಳ್ಳಿಗಳಲ್ಲಿ ಅವನಿಲ್ಲದೆ ಫೌಜದಾರನಿಗೆ ಕಣ್ಣೇ ಇರಲಿಲ್ಲ. ಆ ಕಣ್ಣು ಯಾರ ಕಡೆಗೆ ಸ್ವಲ್ಪ ವಾಲುತ್ತಿತ್ತು ಎಂಬುದು ಆ ಪಾಟೀಲಕಿ ಯಾವ ಮನೆಯಲ್ಲಿತ್ತು ಎಂಬುದರ ಮೇಲೆ ಹೋಗುತ್ತಿತ್ತು.

ಡಿವೈಎಸ್‌ಪಿ ಎಂಬ ಹುದ್ದೆ ಹುಟ್ಟಿದ್ದು ಇನ್ನೂ ತಡವಾಗಿ. 1902-03ರ ಫ್ರೇಸರ್ ಪೊಲೀಸ್ ಆಯೋಗ, ದೇಶದ ಪೊಲೀಸರು ಅದಕ್ಷರೂ ಲಂಚಕೋರರೂ ಪೀಡಕರೂ ಆಗಿದ್ದಾರೆಂದು ಸರ್ಕಾರಕ್ಕೇ ಮುಖಕ್ಕೆ ಹೊಡೆದಂತೆ ಹೇಳಿತು. ವಿದ್ಯಾವಂತರನ್ನು ನೇರವಾಗಿ ಸಬ್ ಇನ್‌ಸ್ಪೆಕ್ಟರಾಗಿ ತೆಗೆದುಕೊಂಡು ಠಾಣೆಗಳನ್ನು ಅವರ ವಶಕ್ಕೆ ಕೊಡಬೇಕು, ಭಾರತೀಯರಿಗಾಗಿ ಡೆಪ್ಯುಟಿ ಸೂಪರಿಂಟೆಂಡೆಂಟ್ ಎಂಬ ಹುದ್ದೆ ತೆರೆಯಬೇಕು ಎಂದಿತು. ಸೂಪರಿಂಟೆಂಡೆಂಟನ ಕುರ್ಚಿ ಆಗ ಹೆಚ್ಚುಕಡಿಮೆ ಬಿಳಿಯರದು. ಶಿರಸಿಯ ಡಿವೈಎಸ್‌ಪಿ ಇಂದು ಕೂರುವ ಕುರ್ಚಿ ‘ನೇಟಿವ್’ ಅಧಿಕಾರಿಗೆಂದು ಒಂದು ಮೆಟ್ಟಿಲು ಕೆಳಗೆ ಹಾಕಿಸಿದ್ದು.

ತೆರಿಗೆ ಮತ್ತು ಲಾಠಿ ಕಾಗದದಲ್ಲಿ ಬೇರೆಯಾದರೂ ಅಗತ್ಯ ಬಿದ್ದಾಗ ಒಂದಾದವು. 1930ರಿಂದ 32ರವರೆಗಿನ ಕರನಿರಾಕರಣೆಯಲ್ಲಿ ಸಿದ್ದಾಪುರ, ಅಂಕೋಲೆಗಳ ರೈತರು ಕಂದಾಯ ಕೊಡಲೊಲ್ಲೆವೆಂದಾಗ ಕಂದಾಯದ ನೌಕರರು ಪೊಲೀಸರ ಬೆಂಗಾವಲಿನಲ್ಲೇ ಬಂದು ಮನೆಯ ಪಾತ್ರೆ ಪಗಡೆ, ದನಕರು, ತೋಟ ಗದ್ದೆಗಳನ್ನು ಜಪ್ತಿ ಮಾಡಿ ಹರಾಜು ಹಾಕಿದರು. ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೀಗೆ ಹರಾಜಿನಲ್ಲಿ ಆಸ್ತಿ ಕೊಂಡವರ ಎದುರು ಮಹಿಳೆಯರೇ ಉಪವಾಸ ಕುಳಿತು ಸತ್ಯಾಗ್ರಹ ಮಾಡಿದರು. ಈ ಸೀಮೆಯ ಮನೆಗಳಲ್ಲಿ ಪೊಲೀಸರ ಬಗ್ಗೆ ಬಹುಕಾಲ ಉಳಿದ ಭಯಕ್ಕೆ ಆ ದಿನಗಳೂ ಒಂದು ಕಾರಣ.

ರಾಜ್ಯ ಒಂದಾದ ಮೇಲೆ ಗ್ರಾಮಾಧಿಕಾರ ರದ್ದು ಮಾಡುವ 1961ರ ಕಾಯಿದೆ 1963ರ ಫೆಬ್ರುವರಿಯಿಂದ ಜಾರಿಗೆ ಬಂದು ವಂಶಪಾರಂಪರ್ಯದ ಪಾಟೀಲಕಿ ಹೋಯಿತು. ಅದು ಹೋದದ್ದು ನ್ಯಾಯವೇ. ಆದರೆ ಅವನು ನೋಡುತ್ತಿದ್ದುದನ್ನು ನೋಡುವ ಕಣ್ಣು ಹಳ್ಳಿಯಲ್ಲಿ ಯಾರಿಗೂ ಉಳಿಯಲಿಲ್ಲ. 2017ರಲ್ಲಿ ರಾಜ್ಯ ತಂದ ಸುಧಾರಿತ ಗಸ್ತು ವ್ಯವಸ್ಥೆ ಆ ತೆರವನ್ನು ತುಂಬುವ ಪ್ರಯತ್ನ. ಒಬ್ಬೊಬ್ಬ ಪೇದೆಗೂ ಇಂತಿಷ್ಟು ಊರು ನಿನ್ನದು ಎಂದು ಹಂಚುವ ಕ್ರಮ ಅದು.

ಇನ್ನು ಈ ಸಾಹೇಬರ ದಿನಚರಿ. ಪತ್ತೇದಾರಿ ಕಾದಂಬರಿಯಲ್ಲಿ ಬರುವಂಥ ಕೊಲೆ ಇಲ್ಲಿ ಅಪರೂಪ. ಒಣಗಲು ಹಾಕಿದ ಅಡಿಕೆ ಅಂಗಳದಿಂದ ಮಾಯವಾಗುವುದು, ತೋಟದ ಬೇಲಿಯ ಜಗಳ, ಕುಡಿದು ಹೆಂಡತಿಗೆ ಹೊಡೆದವನು, ಬ್ಯಾಂಕಿನವರೆಂದು ನಂಬಿಸಿ ಫೋನಿನಲ್ಲಿ ಹಣ ಲಪಟಾಯಿಸಿದವನು: ಇಂಥವೇ ಹೆಚ್ಚು. ಜಿಲ್ಲೆಯ ನೆಲದ ಮುಕ್ಕಾಲು ಪಾಲಿಗೂ ಹೆಚ್ಚು ಅರಣ್ಯವಾದರೂ ಅರಣ್ಯ ಅಪರಾಧಗಳ ತನಿಖೆ ಮುಖ್ಯವಾಗಿ ಅರಣ್ಯ ಇಲಾಖೆಯದು. ಅತಿಕ್ರಮಣದಾರರಿಗೂ ಅರಣ್ಯದವರಿಗೂ ಕೈಕೈ ಮಿಲಾಯಿಸುವ ಹಂತ ಬಂದಾಗ ನಡುವೆ ನಿಲ್ಲಲು ಮಾತ್ರ ಪೊಲೀಸರು ಬೇಕು. ಹೆದ್ದಾರಿಯ ಸಾವುಗಳಂತೂ ಅವರ ಪಾಲಿಗೆ ತಪ್ಪಿದ್ದಲ್ಲ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನ ಕಡೆಯಿಂದ ಕುಮಟೆಯ ಸಂತೆಗೆ ಹಣ್ಣು ತರಕಾರಿ ಒಯ್ಯುತ್ತಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ, ಸರಕಿನ ಮೇಲೆ ಕುಳಿತು ಹೊರಟಿದ್ದ ಹತ್ತು ವ್ಯಾಪಾರಿಗಳು ಸತ್ತರು. ಅಂಥ ಬೆಳಗಿನಲ್ಲಿ ಹೆಣಗಳನ್ನು ಮೇಲೆತ್ತಿಸುವುದು, ಗಾಯಾಳುಗಳನ್ನು ಹುಬ್ಬಳ್ಳಿಗೆ ಸಾಗಿಸುವುದು, ಗುರುತು ಹಿಡಿದು ಮನೆಗೆ ಫೋನು ಮಾಡುವುದು ಇವೆಲ್ಲ ಠಾಣೆಯವರ ಕೆಲಸ. ಕಾಯಿದೆ ಪುಸ್ತಕದಲ್ಲಿ ಇದಕ್ಕೆ ಪ್ರತ್ಯೇಕ ಕಲಮು ಸಿಗುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಡಿವೈಎಸ್‌ಪಿಯ ನಿಜವಾದ ಪರೀಕ್ಷೆ. ಒಂಬತ್ತು ದಿನ ಲಕ್ಷಾಂತರ ಜನ, ಸಾಲು ಸಾಲು ಅಂಗಡಿ, ತೊಟ್ಟಿಲು, ನಾಟಕ. ಜಿಲ್ಲೆಯ ಹೊರಗಿನಿಂದಲೂ ಬಂದ ಸಿಬ್ಬಂದಿಗೆ ಊಟ ವಸತಿ ನೋಡಬೇಕು, ವಾಹನಗಳ ದಾರಿ ತಿರುಗಿಸಬೇಕು, ಜೇಬುಗಳ್ಳರನ್ನು ಹಿಡಿಯಬೇಕು, ಕೈತಪ್ಪಿದ ಮಕ್ಕಳನ್ನು ತಾಯಂದಿರಿಗೆ ಒಪ್ಪಿಸಬೇಕು.

ಕೆಲವು ಕೆಲಸಗಳನ್ನು ಕಾನೂನು ಡಿವೈಎಸ್‌ಪಿಗೇ ಎಂದು ಕಟ್ಟಿಟ್ಟಿದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯದ ಪ್ರಕರಣವನ್ನು ಆ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಯಲ್ಲಾಪುರದ ಕಾಡಂಚಿನ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೆ ಈ ರಕ್ಷಣೆ ಅವರಿಗೂ ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇನ್ನೊಂದು ಅಧಿಕಾರ ಸೇರಿಸಿದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಎಫ್‌ಐಆರ್ ಬರೆಯುವ ಮೊದಲು ಹದಿನಾಲ್ಕು ದಿನ ಪ್ರಾಥಮಿಕ ವಿಚಾರಣೆ ಮಾಡಬೇಕೆಂದರೆ ಠಾಣಾಧಿಕಾರಿ ಡಿವೈಎಸ್‌ಪಿಯ ಒಪ್ಪಿಗೆ ಪಡೆಯಬೇಕು. ಸುಪ್ರೀಂ ಕೋರ್ಟು 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಬಿಗಿಮಾಡಿದ್ದ ಬಾಗಿಲನ್ನು ಇದು ಸ್ವಲ್ಪ ಸಡಿಲಿಸಿದೆ. ಆ ಸಡಿಲು ಜನಕ್ಕೆ ಅನುಕೂಲವೋ ಆರೋಪಿಗೆ ಅನುಕೂಲವೋ ಎಂಬುದು ಸಹಿ ಹಾಕುವ ಡಿವೈಎಸ್‌ಪಿಯ ವಿವೇಕದ ಮೇಲಿದೆ.

ಅವರ ಕೈಯಲ್ಲಿ ಇಲ್ಲದ್ದೂ ಇದೆ. ಹುಬ್ಬಳ್ಳಿಯಲ್ಲಿ ಗಲಭೆಯ ಸೂಚನೆ ಕಂಡರೆ ಪೊಲೀಸ್ ಕಮಿಷನರೇ ನಿಷೇಧಾಜ್ಞೆ ಹೊರಡಿಸಬಹುದು. ಶಿರಸಿಯಲ್ಲಿ ಡಿವೈಎಸ್‌ಪಿ ಅದನ್ನು ಕೇಳಬಹುದು, ಹೊರಡಿಸುವುದು ಮಾತ್ರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಂಥ ಕಂದಾಯದ ದಂಡಾಧಿಕಾರಿಗಳು. 1816ರ ನೆರಳು ಅಷ್ಟರ ಮಟ್ಟಿಗೆ ಉಳಿದಿದೆ. ಇದು ಕೇವಲ ಕಾಗದದ ವಿಷಯವಲ್ಲ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕ ಮೇಲೆ ಹಬ್ಬಿದ ಗಾಳಿಮಾತು, ಪ್ರತಿಭಟನೆ, ಬೆಂಕಿ ಘಟ್ಟ ಹತ್ತಿ 12ರಂದು ಶಿರಸಿಗೂ ಬಂದು, ಬಂದ್ ದಿನ ಪೇಟೆಯಲ್ಲಿ ಕಲ್ಲುತೂರಾಟ ನಡೆಯಿತು. ಅದು ಆಕಸ್ಮಿಕವಾಗಿ ನೀರಲ್ಲಿ ಮುಳುಗಿ ಆದ ಸಾವು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಕೊಟ್ಟದ್ದು 2022ರಲ್ಲಿ. ಸಂಶಯದ ಸಾವೊಂದರಲ್ಲಿ ಮೊದಲ ದಿನವೇ ಪಕ್ಕಾ ಪಂಚನಾಮೆ, ಬೇಗ ಬರುವ ಮರಣೋತ್ತರ ವರದಿ, ಜನ ನಂಬುವಂಥ ಒಬ್ಬ ಅಧಿಕಾರಿಯ ಮಾತು ಎಷ್ಟು ಬೆಲೆಯವು ಎಂಬುದು ಅಂಥ ದಿನಗಳಲ್ಲಿ ತಿಳಿಯುತ್ತದೆ.

ಜನ ನಂಬುವಂಥ ಅಧಿಕಾರಿಯನ್ನು ಆರಿಸುವುದು ಹೇಗೆ? ಪಿಎಸ್‌ಐ ಆಗಲು ಯಾವುದೇ ಪದವಿ ಸಾಕು. ಗಂಡಸರಿಗೆ 168 ಸೆಂಟಿಮೀಟರ್ ಎತ್ತರ, 86 ಸೆಂಟಿಮೀಟರ್ ಎದೆ ಸುತ್ತಳತೆ, ಉಸಿರು ತುಂಬಿದರೆ ಇನ್ನೈದು ಹೆಚ್ಚಬೇಕು. ಹೆಂಗಸರಿಗೆ ಎತ್ತರ 157. ಓಟ, ಜಿಗಿತ, ಗುಂಡೆಸೆತ ದಾಟಿದವರಿಗೆ ಲಿಖಿತ ಪರೀಕ್ಷೆ. ಮೊದಲ ಪತ್ರಿಕೆಯಲ್ಲಿ ಪ್ರಬಂಧ, ಸಾರಲೇಖನ, ಭಾಷಾಂತರ, ಐವತ್ತು ಅಂಕ. ಎರಡನೆಯದು ಸರಿಯುತ್ತರಕ್ಕೆ ಗುರುತು ಹಾಕುವ ಪತ್ರಿಕೆ; ನೂರೈವತ್ತು ಅಂಕ. ದಿನವಿಡೀ ಹೇಳಿಕೆ, ಪಂಚನಾಮೆ, ದೋಷಾರೋಪಣ ಪಟ್ಟಿ ಬರೆಯಬೇಕಾದವನಿಗೆ ಬರವಣಿಗೆಯ ಅಂಕ ಕಾಲು ಭಾಗವಷ್ಟೇ. ಡಿವೈಎಸ್‌ಪಿ ಆಗುವವರು ಲೋಕಸೇವಾ ಆಯೋಗದ ಪರೀಕ್ಷೆ ಬರೆದು ನೇರವಾಗಿ ಬರುತ್ತಾರೆ, ಇಲ್ಲವೇ ಪಿಎಸ್‌ಐ ಆಗಿ ಸೇರಿ ವರ್ಷಗಟ್ಟಲೆ ಸೇವೆ ಮಾಡಿ ಬಡ್ತಿ ಪಡೆಯುತ್ತಾರೆ. ಮೊದಲನೆಯವರಿಗೆ ಕಾನೂನು ಚೆನ್ನಾಗಿ ಗೊತ್ತು, ಎರಡನೆಯವರಿಗೆ ಕಳ್ಳರು ಚೆನ್ನಾಗಿ ಗೊತ್ತು ಎಂಬ ಮಾತಿದೆ.

ಈ ಅರ್ಹತೆಗೇ ಬೆಲೆ ಕಟ್ಟಿದ ಕಥೆ ರಾಜ್ಯಕ್ಕೆ ಗೊತ್ತು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯಲ್ಲಿ ಖಾಲಿ ಬಿಟ್ಟ ಉತ್ತರಪತ್ರಿಕೆಗಳನ್ನು ಆಮೇಲೆ ತುಂಬಿದ ಆರೋಪ ಹೊರಬಿತ್ತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಬಂಧನಕ್ಕೊಳಗಾದರು. 2022ರ ಏಪ್ರಿಲ್‌ನಲ್ಲಿ ನೇಮಕ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟು ಕಾಲ 545 ಹುದ್ದೆ ಖಾಲಿ. ಪ್ರಾಮಾಣಿಕವಾಗಿ ಬರೆದು ಗೆದ್ದಿದ್ದವರೂ ಮತ್ತೆ ಬರೆಯಬೇಕಾಯಿತು. ಲಕ್ಷ ಲಕ್ಷ ಕೊಟ್ಟು ಬಂದವನು ಠಾಣೆಯಲ್ಲಿ ಮೊದಲು ಯಾವ ಲೆಕ್ಕ ನೋಡುತ್ತಾನೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಸರಿಯಾದವರು ಬಂದರೂ ಎಷ್ಟು ದಿನ ಇರುತ್ತಾರೆ ಎಂಬುದು ಮುಂದಿನ ಪ್ರಶ್ನೆ. ನಗರಸಭೆಗೆ ಪೊಲೀಸರ ಮೇಲೆ ಅಧಿಕಾರವಿಲ್ಲವೆಂದರೆ ಊರಿನ ರಾಜಕಾರಣದಿಂದ ಅವರು ದೂರ ಎಂದೇನೂ ಅಲ್ಲ. ಶಾಸಕರ ಶಿಫಾರಸು ಪತ್ರ ಹಿಡಿದು ವರ್ಗಾವಣೆ ಮಾಡಿಸಿಕೊಳ್ಳುವ ರೂಢಿ ಪಕ್ಷಭೇದವಿಲ್ಲದೆ ಬೆಳೆದಿದೆ. ಹೀಗೆ ಬಂದವನಿಗೆ ಕಾರವಾರದ ಎಸ್‌ಪಿಗಿಂತ ಪತ್ರ ಕೊಟ್ಟವರೇ ಹತ್ತಿರದ ಮೇಲಧಿಕಾರಿ. ಪ್ರಕಾಶ್ ಸಿಂಗ್ ಎಂಬ ನಿವೃತ್ತ ಪೊಲೀಸ್ ಮಹಾನಿರ್ದೇಶಕರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದು, ಠಾಣಾಧಿಕಾರಿಯಿಂದ ಹಿಡಿದು ಎಸ್‌ಪಿವರೆಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಇರಲಿ, ವರ್ಗಾವಣೆಯನ್ನು ಪೊಲೀಸ್ ಅಧಿಕಾರಿಗಳದೇ ಮಂಡಳಿ ತೀರ್ಮಾನಿಸಲಿ ಎಂದಿತು. ಕರ್ನಾಟಕ ತನ್ನ ಪೊಲೀಸ್ ಕಾಯಿದೆ ತಿದ್ದಿದಾಗ ಎರಡು ವರ್ಷವನ್ನು ಒಂದಕ್ಕಿಳಿಸಿ ಬರೆದಿತ್ತು. ಮಾರಿಕಾಂಬಾ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ವರ್ಷಕ್ಕೇ ಎತ್ತಂಗಡಿಯಾಗುವ ಅಧಿಕಾರಿ ಒಂದು ಜಾತ್ರೆಯಲ್ಲಿ ಕಲಿತದ್ದನ್ನು ಮುಂದಿನ ಜಾತ್ರೆಗೆ ಬಳಸುವ ಹಾಗಿಲ್ಲ.

ಠಾಣೆಯಲ್ಲಿ ದೂರು ಬರೆದುಕೊಳ್ಳದಿದ್ದರೆ ಮಾಗೋಡಿನ ಮನುಷ್ಯನಿಗೆ ಕಾನೂನು ಮೂರು ಬಾಗಿಲು ಇಟ್ಟಿದೆ. ಮೊದಲನೆಯದು, ಬೇರೆ ಯಾವುದೇ ಠಾಣೆಗೆ ಹೋಗಿ ದೂರು ಕೊಡುವುದು; ಸರಹದ್ದು ನಮ್ಮದಲ್ಲ ಎಂದು ಅವರು ಹಿಂದೆ ಕಳಿಸುವಂತಿಲ್ಲ, ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಎರಡನೆಯದು, ದೂರನ್ನು ಬರಹದಲ್ಲಿ ಅಂಚೆಯ ಮೂಲಕ ಎಸ್‌ಪಿಗೆ ಕಳಿಸುವುದು. ಅಲ್ಲೂ ಕೇಳದಿದ್ದರೆ ಯಲ್ಲಾಪುರದ ದಂಡಾಧಿಕಾರಿಗಳ ನ್ಯಾಯಾಲಯಕ್ಕೆ ಅರ್ಜಿ ಕೊಡುವುದು. ಅಂಚೆಗೆ ಹಾಕಿದ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ನ್ಯಾಯಾಲಯದಲ್ಲಿ ಮೊದಲು ಕೇಳುವುದು ಅದನ್ನೇ.